ಅಕ್ಕನ ರವಿಕೆಯ ತೋಳು

ಮದುವೆ ಮನೆಗೆ ಫೋಟೋ ತೆಗೆಯಲು ಹೋದರೆ ನನ್ನ ಕಣ್ಣು ಈಗಲೂ ಹೆಂಗಸರ ಮುಖಕ್ಕಿಂತ ಮೊದಲು ರವಿಕೆಯ ತೋಳಿನ ಮೇಲೆ ಬೀಳುತ್ತದೆ. ಉದ್ದ ತೋಳು ಕಂಡರೆ ಕ್ಯಾಮೆರಾ ಎತ್ತುವುದನ್ನೇ ಮರೆಯುತ್ತೇನೆ. ಪಾಪ, ಅವರು ಅಂದಕ್ಕೇ ತೊಟ್ಟಿರಬಹುದು. ಹಾಗೆ ಅಂದುಕೊಳ್ಳಲು ನನಗೆ ಬರುವುದಿಲ್ಲ.

ಗುಬ್ಬಿಯಲ್ಲಿ ಅಮ್ಮ ಬ್ಲೌಸ್ ಹೊಲಿಯುತ್ತಿದ್ದಳು. ಅಪ್ಪ ಹೋದ ಮೇಲೆ ಅಕ್ಕನನ್ನೂ ನನ್ನನ್ನೂ ಸಾಕಿದ್ದು ಆ ಮೆಷಿನ್ನೇ. ಅಕ್ಕನನ್ನು ಕುಣಿಗಲ್‌ಗೆ ಕೊಟ್ಟಿದ್ದೆವು. ಭಾವನಿಗೆ ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ, ಸ್ವಂತ ಮನೆ, ಬಾಯಿ ತುಂಬ ‘ಅತ್ತೆ, ಅತ್ತೆ’. ಪ್ರತಿ ಗೌರಿ ಹಬ್ಬಕ್ಕೂ ಅಕ್ಕ ಬರುತ್ತಿದ್ದಳು, ಅಮ್ಮ ಹೊಸ ರವಿಕೆ ಹೊಲಿದು ಕೊಡುತ್ತಿದ್ದಳು. ಮದುವೆಯಾದ ವರ್ಷ ಗಿಡ್ಡ ತೋಳಿತ್ತು. ಆಮೇಲೆ ಅದು ಮೊಣಕೈವರೆಗೆ ಇಳಿಯಿತು. ಬರಬರುತ್ತಾ ಮೊಣಕೈಯನ್ನೂ ದಾಟಿತು.

“ಇದೇನಕ್ಕಾ, ಮುದುಕಿ ಥರ ಇಷ್ಟುದ್ದ ತೋಳು?” ಎಂದು ನಾನೊಮ್ಮೆ ರೇಗಿಸಿದ್ದೆ.

ಅಕ್ಕ ಬಾಯಿ ತೆರೆಯುವ ಮೊದಲೇ ಅಮ್ಮ, “ಈಗ ಅದೇ ಫ್ಯಾಷನ್ನು ಕಣೇ, ನಿಂಗೇನ್ ಗೊತ್ತು” ಅಂದಳು.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ನಾನು ತುಮಕೂರಿನಲ್ಲಿ ಸಣ್ಣದೊಂದು ಸ್ಟುಡಿಯೋ ಇಟ್ಟಿದ್ದೆ. ಪಾಸ್‌ಪೋರ್ಟ್ ಫೋಟೋ, ನಾಮಕರಣ, ಆಗೀಗ ಸೀರೆ ಅಂಗಡಿಯ ಜಾಹೀರಾತು. ಆ ಸೀರೆ ಫೋಟೋಗಳನ್ನು ನೋಡಿಯೇ ಮಹಿಳಾ ಸಂಘವೊಂದರವರು ಹುಡುಕಿಕೊಂಡು ಬಂದರು. ಹೊಡೆತ ತಿಂದ ಹೆಂಗಸಿನ ಪೋಸ್ಟರ್ ಅಂಟಿಸಿದರೆ ಜನ ಮುಖ ತಿರುಗಿಸಿ ಹೋಗುತ್ತಾರೆ, ಒಳ್ಳೆಯ ಸೀರೆ ಕಂಡರೆ ನಿಲ್ಲುತ್ತಾರೆ. ಥೇಟ್ ಸೀರೆ ಜಾಹೀರಾತಿನಂತೆಯೇ ಫೋಟೋ ತೆಗೆದು ಅದರಲ್ಲಿ ಗಾಯ ಕಾಣಿಸಬೇಕು ಎಂಬುದು ಅವರ ಯೋಚನೆ. ನನಗೆ ಹಿಡಿಸಿತು. ಕಾಲೇಜು ಹುಡುಗಿಯೊಬ್ಬಳಿಗೆ ರೇಷ್ಮೆ ಸೀರೆ ಉಡಿಸಿ, ಕಾಡಿಗೆ ಕುಂಕುಮ ಕಲಸಿ ಕೆನ್ನೆಗೆ ಹಚ್ಚಿದೆ. ನಾಟಕಕ್ಕೆ ವೇಷ ಕಟ್ಟಿದ ಹಾಗಿತ್ತು.

ಅದೇ ಹೊತ್ತಿಗೆ ಅಕ್ಕ ಬಂದಳು. ಹಬ್ಬಕ್ಕೆಂದು ಗುಬ್ಬಿಗೆ ಹೊರಟವಳು, ತುಮಕೂರಿನಲ್ಲಿ ಬಸ್ ಬದಲಿಸುವ ಮುಂಚೆ ನನ್ನನ್ನು ನೋಡದೆ ಹೋಗುತ್ತಿರಲಿಲ್ಲ. ಹುಡುಗಿಯ ಕೆನ್ನೆಯನ್ನು ಸ್ವಲ್ಪ ಹೊತ್ತು ದಿಟ್ಟಿಸಿದಳು.

“ಅಲ್ಲಿ ಹೊಡೆಯಲ್ಲ ಕಣೇ. ನಾಕು ಜನಕ್ಕೆ ಕಾಣೋ ಕಡೆ ಯಾರು ಹೊಡೀತಾರೆ?”

ಆ ಸೀರೆ ಬಿಚ್ಚಿಸಿಟ್ಟುಕೊಂಡು ಹುಡುಗಿಯನ್ನು ಹೊರಗೆ ಕಳಿಸು ಎಂದಳು. ಫೋಟೋ ಅಂಚು ಕತ್ತರಿಸಲು ಇಟ್ಟುಕೊಂಡಿದ್ದ ನನ್ನ ಕತ್ತರಿ ಎತ್ತಿಕೊಂಡು, ಅಮ್ಮ ಹೊಲಿದಿದ್ದ ತೋಳನ್ನು ಭುಜದ ಹತ್ತಿರಕ್ಕೆ ಕತ್ತರಿಸಿ ತೆಗೆದಳು. ಬೆರಳ ಗುರುತುಗಳಿದ್ದವು. ಹಳೆಯವು ಹಳದಿ, ಹೊಸವು ನೇರಳೆ. ನಾನು ಕಣ್ಣೊರೆಸಿಕೊಂಡೆ. ಭಾವನನ್ನು ಸಿಕ್ಕಲ್ಲೇ ಸಿಗಿದು ಹಾಕಬೇಕೆನಿಸಿತು.

“ಆಮೇಲೆ ಅಳುವಂತೆ. ಈಗ ಫೋಟೋ ತೆಗಿ. ಮುಖ ಮಾತ್ರ ಬೇಡ.”

ಹುಡುಗಿಗೆ ಉಡಿಸಿದ್ದ ಸೀರೆಯನ್ನೇ ಉಟ್ಟು, ಬಾಗಿಲ ಚೌಕಟ್ಟಿಗೆ ಕೈಯೆತ್ತಿ, ಮುಖ ಆಚೆ ತಿರುಗಿಸಿ ನಿಂತಳು. ಲೈಟು ಹಾಕಿದೆ. ಜರಿ ಮಿನುಗಿತು, ತೋಳೂ ಕಂಡಿತು. ನಾನು ತೆಗೆದ ಫೋಟೋಗಳಲ್ಲೆಲ್ಲ ಅಂದವಾದದ್ದು ಅದೇ. ಹಾಗೆ ಹೇಳಲು ಇವತ್ತಿಗೂ ಹೆದರಿಕೆಯಾಗುತ್ತದೆ.

“ಹಬ್ಬ ಮುಗಿದ ಮೇಲೆ ಮತ್ತೆ ಅಲ್ಲಿಗೇ ಹೋಗ್ತೀಯಾ?” ಎಂದು ಕೇಳಿದೆ.

“ಅಮ್ಮ ಇರು ಅಂದ್ರೆ ಇರ್ತೀನಿ. ಅವಳು ಅನ್ನಲ್ಲ ಬಿಡು” ಎಂದಳು. ತನ್ನ ಸೀರೆಯನ್ನೇ ಮತ್ತೆ ಉಟ್ಟು, ತೋಳು ಕಾಣದಂತೆ ಸೆರಗು ಹೊದ್ದುಕೊಂಡು ಬಸ್ಸಿಗೆ ಹೋದಳು.

ಅದೇ ವಾರ ಶಾಲೆಯೊಂದರ ಹಾಲ್‌ನಲ್ಲಿ ಸಂಘದ ಫೋಟೋ ಪ್ರದರ್ಶನ. ಅವರು ಹೇಳಿದಂತೆಯೇ ಜನ ಅಕ್ಕನ ಫೋಟೋ ಮುಂದೆ ನಿಂತರು. ಸೀರೆ ಯಾವ ಅಂಗಡಿಯದು ಎಂದು ವಿಚಾರಿಸಿದರು. “ಮೇಕಪ್ ಏನ್ ಚೆನ್ನಾಗ್ ಮಾಡವ್ರೆ ನೋಡು” ಅಂದಳು ಒಬ್ಬಾಕೆ. ಅವಳ ಬಾಯಿ ಮುಚ್ಚಿಸಬೇಕು ಅನ್ನಿಸುವಷ್ಟು ಉರಿಯಿತು ನನಗೆ. ಮಗಳ ಕೆಲಸ ನೋಡಲು ಅಮ್ಮನೂ ಗುಬ್ಬಿಯಿಂದ ಬಂದಿದ್ದಳು. ಮುಖ ಕಾಣದಿದ್ದರೂ ತನ್ನ ಹೊಲಿಗೆ ಅವಳಿಗೆ ಗುರುತು ಸಿಗದೇ ಇರುತ್ತದೆಯೇ?

“ಈ ತೋಳು ಯಾರೇ ಕತ್ತರಿಸಿದ್ದು?”

“ಅಕ್ಕಾನೇ.”

ಅಮ್ಮ ಕದಲಲಿಲ್ಲ. “ಬಣ್ಣ ತಾನೇ ಅದು?” ಅಂದಳು. “ಬಣ್ಣಾನೇ ಇರ್ಬೇಕು” ಎಂದು ತಾನೇ ಹೇಳಿಕೊಂಡಳು. ಗುಬ್ಬಿ ಬಸ್ಸಿಗೆ ನಾನೂ ಅವಳ ಜೊತೆ ಹತ್ತಿದೆ. ಎಲ್ಲ ಗೊತ್ತಿದ್ದೂ ಇವಳು ಹೀಗಾಡುತ್ತಾಳೆ ಎಂದು ನನಗೆ ಸಿಟ್ಟು.

ಮನೆಗೆ ಬಂದವಳೇ ಅಮ್ಮ ಬಿಳಿ ಲೈನಿಂಗ್ ಬಟ್ಟೆಯ ತುಂಡೊಂದನ್ನು ನೀರಿಗೆ ಅದ್ದಿ, ಅಕ್ಕನ ಸೆರಗು ಸರಿಸಿ, ರವಿಕೆಯ ತೋಳನ್ನು ಮೇಲೇರಿಸಿದಳು. “ಬಾ, ಒರೆಸ್ಬಿಡ್ತೀನಿ. ಅಳಿಯಂದ್ರು ಬರೋ ಹೊತ್ತಾಯ್ತು.” ಅಕ್ಕ ಹಲ್ಲು ಕಚ್ಚಿಕೊಂಡು ನಿಂತಳು, ಕೈ ಮಾತ್ರ ಎಳೆದುಕೊಳ್ಳಲಿಲ್ಲ. ಅಮ್ಮ ಉಜ್ಜಿದಳು, ಬಟ್ಟೆ ನೋಡಿದಳು. ಮತ್ತೆ ಉಜ್ಜಿದಳು, ಮತ್ತೆ ಬಟ್ಟೆ ನೋಡಿದಳು. ಬಟ್ಟೆ ಬೆಳ್ಳಗೇ ಇತ್ತು. ಆ ತೋಳಿಗಿಂತ ಹೆಚ್ಚಾಗಿ, ಬಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ ಅಮ್ಮನ ಮುಖ ನನ್ನನ್ನು ಕಾಡುತ್ತದೆ.

ಸಂಜೆ ಭಾವ ಬಂದ. “ಏನತ್ತೆ, ಹೊರಡೋದಾ ನಾವು?”

ಅಮ್ಮ ಹೊಸ್ತಿಲಲ್ಲೇ ಕುಳಿತಿದ್ದಳು. “ಅವಳ ಬ್ಲೌಸು ಹೊಲ್ದಿಲ್ಲ ಇನ್ನೂ. ಆದ್ಮೇಲೆ ಕಳಿಸ್ತೀನಿ.”

ಹೊಲಿದಿಟ್ಟ ರವಿಕೆ ಅವಳ ಹಿಂದೆ ಮೆಷಿನ್ ಮೇಲೆಯೇ ಇತ್ತು. ಭಾವ ಮತ್ತೆ ಬಂದಾಗಲೂ ಅಮ್ಮ ಅದನ್ನೇ ಹೇಳಿದಳು. ಅವನು ಕೂಗಾಡಿದ, ನೆಂಟರನ್ನು ಕರೆತಂದ. ಅಮ್ಮ ಮಾತು ಬದಲಿಸಲಿಲ್ಲ, ಹೊಸ್ತಿಲನ್ನೂ ಬಿಡಲಿಲ್ಲ. ಕೊನೆಗೆ ಅವನೇ ಬರುವುದನ್ನು ನಿಲ್ಲಿಸಿದ.

ಅಕ್ಕ ಉಳಿದಳು. ತೋಳಿನ ಗುರುತು ಮಾಸಿ ವರ್ಷಗಳಾದರೂ ಅವಳಿಗೆ ಉದ್ದ ತೋಳೇ ಆಗಬೇಕು. ಅಮ್ಮ ಏನೂ ಕೇಳದೆ ಹಾಗೆಯೇ ಹೊಲಿದು ಕೊಡುತ್ತಿದ್ದಳು. ಫ್ಯಾಷನ್ನು ಎಂಬ ಮಾತು ಮಾತ್ರ ಅವಳ ಬಾಯಿಂದ ಮತ್ತೆ ಬರಲಿಲ್ಲ.

ಆ ಫೋಟೋವನ್ನು ಅಕ್ಕನನ್ನು ಕೇಳಿಯೇ ಅಮ್ಮ ತನ್ನ ಮೆಷಿನ್ನಿನ ಮೇಲಿನ ಗೋಡೆಗೆ ಹಾಕಿಸಿಕೊಂಡಳು. ಅಳತೆ ಕೊಡಲು ಬಂದ ಹೆಂಗಸರು ಕೈ ಚಾಚಿ ನಿಂತಾಗ ಅದನ್ನು ನೋಡುತ್ತಿದ್ದರು. ಸೀರೆ ಚೆನ್ನಾಗಿದೆ ಅನ್ನುತ್ತಿದ್ದರು. ಆಮೇಲೆ ಯಾರಾದರೂ, “ತೋಳಿಗೆ ಬಣ್ಣ ಬಳಿದವ್ರಾ?” ಎಂದು ಕೇಳುತ್ತಿದ್ದರು.

ಅಮ್ಮ ಟೇಪು ಕೆಳಗಿಡುತ್ತಿದ್ದಳು.

“ಬಣ್ಣ ಅಲ್ಲ ಕಣವ್ವಾ. ನಾನೇ ಒರೆಸಿ ನೋಡಿದೀನಿ.”