ಬಾಯಿಗೆ ಹಾಕಿದ ಸಕ್ಕರೆ

ಬೆಳಗ್ಗೆ ಏಳಕ್ಕೆ ಮೈಸೂರು ಬಿಟ್ಟೆವು. ಬಸ್ಸಿನಲ್ಲಿ ನಿಸರ್ಗಳಿಗೆ ಟಿಕೆಟ್ ಪುಕ್ಕಟೆ, ನನ್ನ ಜೇಬಿಗೆ ಮಾತ್ರ ಕತ್ತರಿ. ಅವಳು ಕೊನೇ ವರ್ಷದ ವೈದ್ಯ ವಿದ್ಯಾರ್ಥಿನಿ. ಹಳ್ಳಿಯ ಡಾಕ್ಟರಿಕೆ ಕಲಿಯಲೆಂದು ಕಾಲೇಜು ಅವಳನ್ನು ನನ್ನ ಕೊರಳಿಗೆ ಕಟ್ಟಿತ್ತು. ಮೊದಲು ಕೇಳು, ಆಮೇಲೆ ಹೇಳು ಎಂದು ದಾರಿಯುದ್ದಕ್ಕೂ ಅವಳ ತಲೆ ತಿಂದೆ.

ಹುಣಸೂರಿನಲ್ಲಿ ಇಡ್ಲಿ ತಿಂದು ಪಿರಿಯಾಪಟ್ಟಣದ ಬಸ್ಸು ಹತ್ತಿದೆವು. ಜಡಿಮಳೆ. ರಸ್ತೆಯ ಎರಡೂ ಬದಿ ಹೊಗೆಸೊಪ್ಪಿನ ಹೊಲಗಳು ತೊಯ್ದು ನಿಂತಿದ್ದವು. ಸೌದೆಯ ಉರಿಯಲ್ಲಿ ಸೊಪ್ಪು ಹದ ಮಾಡುವ ಬ್ಯಾರನ್‌ಗಳಿಂದ ಹೊಗೆ ಏಳುತ್ತಿತ್ತು.

ಪಿರಿಯಾಪಟ್ಟಣದಿಂದ ಆಟೋ ಹಿಡಿದು ನನ್ನ ಹಳೆಯ ರೋಗಿ ಪುಟ್ಟಮ್ಮನ ಮನೆ ಸೇರಿದೆವು. ಬಿ.ಪಿ. ನೋಡಲು ಕೂತರೆ ಆಕೆ ಸೊಸೆ ಸವಿತಾಳತ್ತ ಕೈ ತೋರಿಸಿದಳು.

"ನನ್ದಿರ್ಲಿ ಬುಡಿ ಸಾರ್, ಇವ್ಳ್ನ ನೋಡಿ. ನೆನ್ನೆ ಸಂಜೆಯಿಂದ ಒಂದೇ ಸಮ್ನೆ ವಾಂತಿ, ತಲೆಸುತ್ತು."

ಸವಿತಾಳಿಗೆ ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ. ನಾನು ಬಾಯಿ ತೆರೆಯುವ ಮೊದಲೇ ನಿಸರ್ಗ ನಗುತ್ತ ಅಂದೇಬಿಟ್ಟಳು: "ಸಿಹಿ ಸುದ್ದಿ ಇರ್ಬಹುದು ಅಮ್ಮ!"

ಪುಟ್ಟಮ್ಮ ತೋಳಿನ ಪಟ್ಟಿ ಕಿತ್ತುಹಾಕಿ ಒಳಗೆ ಓಡಿ ಸಕ್ಕರೆ ಡಬ್ಬಿ ತಂದಳು. "ಬಾಯ್ ತಗಿ ಮಗಳೇ!" ನಾನು ತಡೆಯುವಷ್ಟರಲ್ಲಿ ಸಕ್ಕರೆ ಸವಿತಾಳ ಬಾಯಿಗೆ ಬಿದ್ದಿತ್ತು.

ಮೂತ್ರ ಪರೀಕ್ಷೆಯ ಕಿಟ್ ಬ್ಯಾಗಿನಲ್ಲೇ ಇತ್ತು. ಒಂದೇ ಗೆರೆ ಬಂತು. ಗರ್ಭವಿಲ್ಲ. ಮುಟ್ಟು ಕಳೆದ ವಾರವಷ್ಟೇ ಆಗಿತ್ತಂತೆ.

"ನೆನ್ನೆ ಏನ್ ಕೆಲ್ಸ ಮಾಡ್ದೆ ತಾಯಿ?" ಎಂದೆ.

"ಸೊಪ್ ಮುರ್ದೆ ಸಾರ್. ಮಳೇಲಿ ಸೀರೆಯೆಲ್ಲ ನೆಂದೋಗಿತ್ತು."

ಒದ್ದೆ ಹೊಗೆಸೊಪ್ಪಿನ ರಸ ಚರ್ಮಕ್ಕೆ ಇಳಿದರೆ ಹೀಗೇ ಆಗುತ್ತದೆ. ಈ ಸೀಮೆಯವರಿಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೆ ಡಾಕ್ಟರೇ ಸಿಹಿ ಸುದ್ದಿ ಅಂದ ಮೇಲೆ ಸೊಪ್ಪಿನ ನೆನಪು ಯಾರಿಗೆ ಬರುತ್ತದೆ?

ಹೇಳಲು ನಾನು ಹೊರಟೆ. ನಿಸರ್ಗ ತಡೆದಳು. "ನಾನೇ ಹೇಳ್ತೀನಿ ಸರ್." ಪುಟ್ಟಮ್ಮನ ಪಕ್ಕ ನೆಲದ ಮೇಲೆ ಕೂತು, "ತಪ್ಪು ನಂದು ಅಮ್ಮ, ಕೇಳ್ದೆ ಹೇಳ್ಬಿಟ್ಟೆ. ಇದು ಬಸುರಲ್ಲ, ಹಸಿ ಸೊಪ್ಪಿನ ನಂಜು" ಎಂದಳು. ಪುಟ್ಟಮ್ಮ ಡಬ್ಬಿಯ ಮುಚ್ಚಳ ಹಾಕಿ ಒಳಗೆ ಹೋದಳು. ನನಗೆ ಹುಡುಗಿಯ ಮೇಲಿದ್ದ ಸಿಟ್ಟೆಲ್ಲ ಇಳಿದು ಬರೀ ಸಂಕಟ ಉಳಿಯಿತು. ಸವಿತಾಳಿಗೆ ವಾಂತಿ ಮಾತ್ರೆ ಕೊಟ್ಟು, ಸೋಪು ಹಚ್ಚಿ ಸ್ನಾನ ಮಾಡಿ ಎರಡು ದಿನ ಮಲಗು ಎಂದೆ.

ಆಟೋವರೆಗೆ ಸವಿತಾಳೇ ಬಂದಳು. ನಿಸರ್ಗಳ ಕಣ್ಣು ತುಂಬಿತ್ತು.

"ಅಳ್ಬ್ಯಾಡಿ ಮೇಡಂ," ಅಂದಳು ಸವಿತಾ. "ಆರ್ ವರ್ಸದಲ್ಲಿ ಇವತ್ತೇ ಕಣ್ರೀ ನಮ್ಮತ್ತೆ ನನ್ನ ‘ಮಗಳೇ’ ಅಂತ ಅಂದಿದ್ದು."

ಆಟೋ ತಿರುಗುವಾಗ ಹಿಂತಿರುಗಿ ನೋಡಿದೆ. ಒಳಗಿನಿಂದ ಪುಟ್ಟಮ್ಮನ ದನಿ ಬಂತು: "ಲೇ ಇವ್ಳೇ, ಬ್ಯಾರನ್‌ಗೆ ಸೌದೆ ಹಾಕೋರ್ ಯಾರೇ?"

ಸವಿತಾ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು.