ಸೇಡಂಗೆ ಮುಟ್ಟದ ಪಟ್ಟಿ

ಮಲ್ಲಮ್ಮ, ಅಂದು ನೀವು ನನಗೆ ಫೋನ್ ಮಾಡಿದ್ದು ನಿಜ. ಮಾಡಿಲ್ಲ ಎಂದು ವಿಚಾರಣೆಯಲ್ಲಿ ಹೇಳಿದವನು ನಾನು. ಆ ಸುಳ್ಳಿನಿಂದಲೇ ನಿಮ್ಮ ನೌಕರಿ ಹೋಯಿತು.

ಒಳಗೆ ನಡೆದದ್ದು ನಿಮಗೆ ಇಂದಿಗೂ ಗೊತ್ತಿರಲಿಕ್ಕಿಲ್ಲ. ತೊಂಬತ್ತರ ದಶಕದ ಕೊನೆ. ನಮ್ಮ ಕಲ್ಲುಗಣಿ ಕಂಪನಿಯ ಮುಖ್ಯ ಕಂಪ್ಯೂಟರ್ ವಾಡಿಯಲ್ಲಿ, ನನ್ನ ಸುಪರ್ದಿಯಲ್ಲಿತ್ತು. ಯಾರು ಒಳಗೆ ಬರಬಹುದು, ಅವರ ಪಾಸ್‌ವರ್ಡ್ ಏನು ಎಂಬ ಮೂಲಪಟ್ಟಿ ಅದರಲ್ಲಿ. ಅದರ ನಕಲು ಸೇಡಂ, ಶಹಾಬಾದ್, ಚಿಂಚೋಳಿ ಕಚೇರಿಗಳ ಕಂಪ್ಯೂಟರುಗಳಲ್ಲಿ. ಮೂಲವನ್ನು ತಿದ್ದಿದೊಡನೆ ಹೊಸ ಪಟ್ಟಿಯನ್ನು ಮೂರೂ ಕಡೆ ಕಳಿಸಬೇಕು, ಮುಟ್ಟಿತೇ ನೋಡಬೇಕು, ಆಮೇಲೆ ರಿಜಿಸ್ಟರಿನಲ್ಲಿ ಬರೆಯಬೇಕು. ನನ್ನದು ತಿರುವುಮುರುವು. ಸಾಹೇಬರು ಹತ್ತಕ್ಕೆ ರಿಜಿಸ್ಟರ್ ನೋಡುತ್ತಿದ್ದರು—ಹಾಗಾಗಿ ಬೆಳಗಿನ ಚಹಾ ಕುಡಿಯುತ್ತಲೇ ‘ಮೂರೂ ಕಡೆ ಮುಟ್ಟಿದೆ’ ಎಂದು ಬರೆದು ಸಹಿ ಹಾಕಿಬಿಡುತ್ತಿದ್ದೆ. ಕೂಸು ಹುಟ್ಟುವ ಮುಂಚೆ ಕುಲಾವಿ.

ನೀವು ಕೆಲಸಕ್ಕಿದ್ದ ಸೇಡಂ ಕಚೇರಿಯಲ್ಲಿ ಯಾರೋ ನಿಮ್ಮ ಪಾಸ್‌ವರ್ಡ್ ಕದ್ದು ನೋಡಿದ್ದಾರೆಂದು ನೀವು ಹೊಸದನ್ನು ಕೇಳಿದಿರಿ. ಕೊಟ್ಟೆ. ಅಂದು ಸೇಡಂ ಕಂಪ್ಯೂಟರಿನ ಲೈನ್ ಬಿದ್ದಿತ್ತು. ಪಟ್ಟಿ ಮುಟ್ಟಿದ್ದು ರಿಜಿಸ್ಟರಿನಲ್ಲಿ ಮಾತ್ರ. ಮರುದಿನ ನಿಮ್ಮ ಫೋನ್.

“ಆಚಾರ್ ಸರ್, ಹೊಸಾದು ತಗೊಳವಲ್ದು ನೋಡ್ರಿ. ಹಳೇದು ಹಾಕಿದ್ರನೇ ತೆರೀಲಿಕತ್ತದ. ನನಗ ಭಾಳ ಅಂಜಿಕಿ ಆಗ್ಯಾದ್ರಿ.”

“ನಾಳಿಗೆ ನೋಡ್ತೀನಿ ತಗೋರಿ,” ಎಂದೆ. ನೋಡಲಿಲ್ಲ.

ಆ ವಾರವೇ ಯಾರೋ ನಿಮ್ಮ ಹೆಸರಿನಲ್ಲಿ ಒಳಹೊಕ್ಕು, ಕಾಯಂ ಆಗಬೇಕಿದ್ದ ಕೂಲಿಗಳ ಯಾದಿಯಲ್ಲಿ ಹೆಸರುಗಳನ್ನೇ ಬದಲಿಸಿದರು. ಸುದ್ದಿ ವಾಡಿಗೆ ಬಂದಾಗ—ಇದನ್ನು ಬರೆಯಲು ಕೈ ಏಳುತ್ತಿಲ್ಲ—ನಾನು ಮೊದಲು ಮಾಡಿದ ಕೆಲಸ, ಸೇಡಂಗೆ ಹೊಸ ಪಟ್ಟಿ ಕಳಿಸಿದ್ದು. ವಿಚಾರಣೆಗೆ ಬಂದವರು ಪರೀಕ್ಷಿಸಿದಾಗ ಹಳೆಯ ಪಾಸ್‌ವರ್ಡ್ ನಡೆಯಲಿಲ್ಲ, ಹೊಸದು ನಡೆಯಿತು. ಸೇಡಂನಲ್ಲಿ ಹೊಸದು ಗೊತ್ತಿದ್ದದ್ದು ನಿಮಗೊಬ್ಬರಿಗೇ. ಹಳೆಯದೇ ನಡೆಯುತ್ತಿತ್ತು, ವಾಡಿಗೆ ಫೋನ್ ಮಾಡಿ ಹೇಳಿದ್ದೆ ಎಂದು ನೀವು ಅಂದಿರಿ; ಅವರು ನನ್ನತ್ತ ತಿರುಗಿದರು.

“ಈಕಿ ನಿಮಗ ಫೋನ್ ಮಾಡಿದ್ಲೇನ್ರಿ?”

“ಇಲ್ರಿ ಸರ್.”

ನೀವು ನನ್ನ ಮುಖ ನೋಡಿದಿರಿ. ನಾನು ರಿಜಿಸ್ಟರ್ ನೋಡಿದೆ. ಹೌದು ಎಂದಿದ್ದರೆ ಸುಳ್ಳಾಗುತ್ತಿದ್ದುದು ಆ ಒಂದು ದಿನದ ಸಹಿಯಲ್ಲ, ಎರಡು ವರ್ಷದ್ದು. ನನ್ನ ಹೇಡಿತನ ಅಷ್ಟು ಬೇಗ ಲೆಕ್ಕ ಹಾಕಿತ್ತು! ಆಮೇಲೆ ಅದೇ ರಿಜಿಸ್ಟರ್ ತೋರಿಸಿ ನನ್ನನ್ನು ಹೊಗಳಿದರು. ನನ್ನ ಊರಾದ ಚಿತ್ತಾಪುರದಲ್ಲೇ ಬೇರೆ ಕೆಲಸ ಸಿಕ್ಕರೂ ಹೋಗಲಾಗಲಿಲ್ಲ—ಹೊಸಬ ಬಂದು ಕಂಪ್ಯೂಟರಿನಲ್ಲಿ ಪಟ್ಟಿ ಹೋದ ನಿಜವಾದ ದಿನ ನೋಡಿಬಿಟ್ಟರೆ? ನಿವೃತ್ತಿಯವರೆಗೂ ಆ ಕೋಣೆಯ ಬಾಗಿಲು ಕಾಯುತ್ತ ಕುಳಿತೆ. ಯಾರೂ ಕೂಡಿಹಾಕಿರಲಿಲ್ಲ, ಏಳಲು ಮಾತ್ರ ಧೈರ್ಯವಿರಲಿಲ್ಲ.

ನಿಮಗೆ ಗೊತ್ತಿಲ್ಲದ್ದು ಇನ್ನೊಂದಿದೆ. ನೌಕರಿ ಹೋದ ವಾರ ನಿಮ್ಮ ಅಪ್ಪ ನಿಮ್ಮೂರು ಕುರಕುಂಟಾದಿಂದ ನನ್ನಲ್ಲಿಗೆ ಬಂದಿದ್ದರು. ಕುಂದ್ರಿ ಎಂದರೂ ಕೂರಲಿಲ್ಲ.

“ನೀವು ದೇವರ ಪೂಜಿ ಮಾಡೋ ಮಂದಿ. ನನ್ ಮಗಳು ಖರೇ ಹೇಳ್ಯಾಳೋ ಸುಳ್ಳು ಹೇಳ್ಯಾಳೋ, ಅಷ್ಟು ಹೇಳ್ರಿ.”

“ಕಂಪ್ಯೂಟರ್ ಸುಳ್ಳು ಹೇಳಂಗಿಲ್ರಿ ಗೌಡ್ರ,” ಎಂದೆ.

ಕೈಮುಗಿದು ಹೋದರು. ನನ್ನನ್ನು ನಂಬಿದರು, ನಿಮ್ಮನ್ನಲ್ಲ.

ಅವರಿಗೀಗ ಕಿವಿ ಮಂದ ಎಂದು ಕೇಳಿದ್ದೇನೆ. ಈ ಭಾನುವಾರ ಕುರಕುಂಟಾಕ್ಕೆ ಬರುತ್ತೇನೆ. ಕ್ಷಮೆ ಕೇಳಲು ಅಲ್ಲ—ಅದನ್ನು ಕೇಳುವ ಮುಖ ನನಗಿಲ್ಲ. ‘ನಿಮ್ಮ ಮಗಳು ಖರೆ ಹೇಳಿದ್ದಳು’ ಎಂದು, ಓಣಿಗೆಲ್ಲ ಕೇಳಿದರೂ ಸರಿ, ಅವರಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿ ಹೋಗುತ್ತೇನೆ.