ಆರು ಕಿಲೋ ಗುದ್ದಲಿ

ರಾಟರ್‌ಡ್ಯಾಮ್ ಬಂದರಿನ ಸರಕು ಸಾಗಣೆ ಕಚೇರಿಯೊಂದರಲ್ಲಿ ಹಾಲಪ್ಪನ ಕೆಲಸ ಕಾಗದ ಓದಿ ಸಹಿ ಹಾಕುವುದು. ಅದಕ್ಕೂ ಮುಂಚೆ ಹತ್ತು ವರ್ಷ ರಾಣೆಬೆನ್ನೂರಿನ ಸೋದರಮಾವನ ಕಬ್ಬಿಣದಂಗಡಿಯಲ್ಲಿ ತಕ್ಕಡಿ ಹಿಡಿದವನು. ಹಾಗಾಗಿ ಯಾವ ಪಟ್ಟಿ ಬಂದರೂ ಒಟ್ಟು ತೂಕವನ್ನು ಭಾಗಿಸಿ, ಕಣ್ಣು ಮುಚ್ಚಿ, ಅದರಲ್ಲಿನ ಒಂದು ಸಾಮಾನನ್ನು ಬಲಗೈಯಲ್ಲಿ ಎತ್ತಿ ನೋಡಿದಂತೆ ಮಾಡದೆ ಸಹಿ ಹಾಕುತ್ತಿರಲಿಲ್ಲ. ಡಚ್ಚರು ಅದನ್ನು ಪ್ರಾರ್ಥನೆ ಎಂದುಕೊಂಡು ಗೌರವದಿಂದ ಸುಮ್ಮನಿರುತ್ತಿದ್ದರು.

೧೯೯೮ರ ಮಾರ್ಚ್ ಮೊದಲಲ್ಲಿ ಲೈಬೀರಿಯಾಕ್ಕೆ ಹೊರಟ ಪಟ್ಟಿಯೊಂದು ಬಂತು. ಗುದ್ದಲಿ, ಪೆಟ್ಟಿಗೆಗೆ ಇಪ್ಪತ್ತು; ಪೆಟ್ಟಿಗೆಯ ತೂಕ ನೂರಿಪ್ಪತ್ತು ಕಿಲೋ. ಹಾಲಪ್ಪನ ಕೈ ಗಾಳಿಯಲ್ಲೇ ನಿಂತಿತು. ಪಕ್ಕದ ಸಿಯೆರಾ ಲಿಯೋನಿನ ಅಂತರ್ಯುದ್ಧಕ್ಕೆ ಬಂದೂಕು ಹೋಗುವುದು ಲೈಬೀರಿಯಾದ ಕಡಲತೀರದಿಂದಲೇ ಎಂಬುದು ಬಂದರಿನ ಕ್ಯಾಂಟೀನಿನಲ್ಲೂ ಆಡುತ್ತಿದ್ದ ಮಾತು.

ಮ್ಯಾನೇಜರ್ ಮುರಳೀಧರ ಬೆಂಗಳೂರಿನವರು. ಫೋನಿನಲ್ಲಿ ಡಚ್ ಮಾತಾಡುವಾಗ ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಳ್ಳುವಷ್ಟು ಗಂಭೀರ ಮನುಷ್ಯ. ಗಿರಾಕಿ ದೊಡ್ಡವನು, ಹಡಗು ನಾಳೆ ಹೊರಡುತ್ತದೆ, ಸಹಿ ಬೀಳದಿದ್ದರೆ ಕೆಲಸ ಹೋದೀತು, ಅದರ ಬೆನ್ನಿಗೆ ಈ ದೇಶದಲ್ಲಿರುವ ಪರ್ಮಿಟ್ಟೂ ಹೋದೀತು ಎಂದು ತಿಳಿಯಹೇಳಿದರು. ಹಾಲಪ್ಪನ ಹೆಂಡತಿ ರುಕ್ಮಿಣಿ ಹಿಂದಿನ ವಾರವಷ್ಟೇ ಮನೆಗೆ ಹೊಸ ಪರದೆ ಹಾಕಿದ್ದಳು.

“ಗುದ್ದಲಿ ಅಂದ್ರೆ ಗುದ್ದಲಿ, ಹಾಲಪ್ಪ. ಸೈನ್ ಮಾಡಿ, ಫಿಲಾಸಫಿ ಬೇಡ.”

“ಗುದ್ದಲಿ ಎರಡು ಕಿಲೋ ದಾಟಂಗಿಲ್ರಿ ಸರ, ಇಲ್ಲಿ ಒಂದೊಂದು ಆರು ಕಿಲೋ ಬೀಳತೈತಿ. ನಮ್ಮೂರ ಪೈಲ್ವಾನ್ರೂ ಎತ್ತಂಗಿಲ್ಲ. ಯಾರ ಎದಿ ಅಗಿಯಾಕ ಹೊಂಟೈತಿ ಇದು?”

ಸಹಿ ಆಗಲೇಬೇಕೆಂದರು. ಹಾಲಪ್ಪ ಪೆನ್ನು ತೆಗೆದು, ಷರಾ ಕಾಲಮ್ಮಿನಲ್ಲಿ ‘ತೂಕಕ್ಕೂ ಹೆಸರಿಗೂ ತಾಳೆಯಿಲ್ಲ, ಬಿಚ್ಚಿ ನೋಡಿ’ ಎಂದು ದಪ್ಪಕ್ಷರದ ಡಚ್ಚಿನಲ್ಲಿ ಬರೆದ. ಕೆಳಗೆ ಸೊಗಸಾಗಿ ಸಹಿ ಹಾಕಿ, ತಾನೇ ನಡೆದುಹೋಗಿ ಕಸ್ಟಮ್ಸ್ ಕಿಟಕಿಯಲ್ಲಿ ಕೊಟ್ಟು ಬಂದ.

ಕಸ್ಟಮ್ಸಿನವರು ಪೆಟ್ಟಿಗೆ ಬಿಚ್ಚಿದಾಗ ಎರಡು ಸಾಲು ಗುದ್ದಲಿಯ ಕೆಳಗೆ ಬಂದೂಕಿನ ಗುಂಡುಗಳಿದ್ದವು. ಆ ಶುಕ್ರವಾರವೇ ಹಾಲಪ್ಪನ ಕೆಲಸ ಹೋಯಿತು. ಕಾರಣ, ಷರಾ ಕಾಲಮ್ಮಿನ ದುರುಪಯೋಗ. ಪರ್ಮಿಟ್ಟಿಗೆ ಇನ್ನು ಮೂರೇ ತಿಂಗಳು. ಪರದೆ ಮಾತ್ರ ಇಳಿಸುವುದಿಲ್ಲ ಎಂದು ರುಕ್ಮಿಣಿ ಹೇಳಿಬಿಟ್ಟಳು.

ತಿಂಗಳ ಕೊನೆಗೆ ಕನ್ನಡಿಗರ ಯುಗಾದಿ ಕೂಟ. ವೇದಿಕೆಯ ಮೇಲೆ ಮುರಳೀಧರ ತಾವು ಒಂದೇ ನೋಟಕ್ಕೆ ಕಳ್ಳಮಾಲು ಹಿಡಿದದ್ದನ್ನೂ, ಯುದ್ಧವೊಂದಕ್ಕೆ ಅಷ್ಟರಮಟ್ಟಿಗೆ ಲಗಾಮು ಹಾಕಿದ್ದನ್ನೂ ಬಣ್ಣಿಸಿದರು. ಚಪ್ಪಾಳೆ ಮುಗಿಯುವಷ್ಟರಲ್ಲಿ ರುಕ್ಮಿಣಿ ಗಂಡನ ಪಕ್ಕೆಗೆ ತಿವಿದಳು. ಹಾಲಪ್ಪ ಎದ್ದು ನಿಂತ.

“ಸರ, ಒಂದು ಗುದ್ದಲಿ ಎಷ್ಟು ತೂಕ ಇರತೈತ್ರಿ?”

ಮುರಳೀಧರ ಕೋಟಿನ ಗುಂಡಿ ಹಾಕಿಕೊಂಡರು.

“ಅಪ್ರಾಕ್ಸಿಮೇಟ್ಲಿ... ಆರು ಕಿಲೋ.”

ಹಾಲಪ್ಪ ಎಲ್ಲರೆದುರು ಕಣ್ಣು ಮುಚ್ಚಿ, ಬಲಗೈ ಎತ್ತಿ ತೂಗಿ ನೋಡಿ, ಇಲ್ಲವೆಂದು ತಲೆಯಾಡಿಸಿ ಕೂತುಕೊಂಡ.